ಎರಿ ಹೊಲದ ಗಾಡಿ: ಚಕ್ಕಡಿಯಿಂದ ಪಿಕಪ್‌ವರೆಗೆ

ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ದುಡ್ಡು ಓಡಾಡುವ ಹೊತ್ತಿಗೆ ನಮ್ಮ ಊರುಗಳ ಚಹಾದಂಗಡಿಯಲ್ಲಿ ಒಂದು ಮಾತು ತಪ್ಪದೇ ಬರುತ್ತದೆ: ‘ಪಿಕಪ್ ತೊಗೊಳ್ಳೋದಾದ್ರ ಯಾವುದು ತೊಗೋಬೇಕು?’ ಷೋರೂಮಿನವರು ಎಷ್ಟು ಟನ್ ಹೊರುತ್ತದೆ, ಲೀಟರಿಗೆ ಎಷ್ಟು ಓಡುತ್ತದೆ, ತಿಂಗಳ ಕಂತು ಎಷ್ಟು ಎಂದು ಹೇಳುತ್ತಾರೆ. ನಿಮ್ಮ ಹೊಲ ಎರಿಯೋ ಮಸಾರಿಯೋ ಎಂದು ಕೇಳುವುದಿಲ್ಲ. ಆದರೆ ಈ ಭಾಗದಲ್ಲಿ ಯಾವ ಗಾಡಿ ನಿಂತಿತು, ಯಾವುದು ಸೋತಿತು ಎನ್ನುವುದನ್ನು ಇಂಜಿನ್ನಿಗಿಂತ ಹೆಚ್ಚಾಗಿ ಮಣ್ಣೇ ತೀರ್ಮಾನಿಸಿದೆ.

1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಆದಾಗ ಇದ್ದದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕೇ ತಾಲ್ಲೂಕು. ಈ ನಾಲ್ಕರೊಳಗೇ ಮಣ್ಣು ಬೇರೆ ಬೇರೆ. ಯಲಬುರ್ಗಾ ಕಡೆ ಜೋಳ, ಕಡಲೆ ಬೆಳೆಯುವ ಎರಿ. ಕುಷ್ಟಗಿ ಕಡೆ ಮಸಾರಿ ಹೆಚ್ಚು, ಈಗ ಅಲ್ಲಿ ದಾಳಿಂಬೆ ತೋಟಗಳು. ಗಂಗಾವತಿಯಲ್ಲಿ ಕಾಲುವೆ ನೀರು ನಿಂತ ಭತ್ತದ ಗದ್ದೆ. ಮಸಾರಿಗೆ ಮಳೆ ಬಿದ್ದರೆ ಬೇಗ ಆರುತ್ತದೆ. ಎರಿ ಹಾಗಲ್ಲ. ನೀರು ಕುಡಿದು ಉಬ್ಬುತ್ತದೆ, ಗಾಲಿಗೆ ಮೆತ್ತಿಕೊಳ್ಳುತ್ತದೆ, ಟೈರಿನ ಗೆರೆಗಳಲ್ಲೆಲ್ಲ ತುಂಬಿಕೊಂಡು ಹೊಸ ಟೈರನ್ನೂ ಬೋಳು ಟೈರಿನಂತೆ ಮಾಡುತ್ತದೆ.

ಹಳೆಯ ಚಕ್ಕಡಿಯ ಗಾಲಿ ಅಷ್ಟು ಎತ್ತರ ಇದ್ದದ್ದು ಚಂದಕ್ಕಲ್ಲ. ಗಾಲಿ ದೊಡ್ಡದಾದಷ್ಟೂ ಗುಂಡಿ, ಬದು ದಾಟುವುದು ಹಗುರ. ಅಚ್ಚು ನೆಲದಿಂದ ಮೇಲಿದ್ದರೆ ಕೆಸರಿಗೆ ತಾಗುವುದಿಲ್ಲ. ಆದರೆ ಕಬ್ಬಿಣದ ಪಟ್ಟಿ ಬಡಿದ ಆ ಗಾಲಿ ತೆಳ್ಳಗೆ, ಹಸಿ ನೆಲವನ್ನು ಕೊಯ್ದುಕೊಂಡು ಇಳಿಯುತ್ತಿತ್ತು. ಆಮೇಲೆ ರಬ್ಬರ್ ಟೈರಿನ ಬಂಡಿ ಬಂತು. ಗಾಲಿ ಗಿಡ್ಡವಾಯಿತು, ಅಗಲವಾಯಿತು, ಎತ್ತುಗಳ ಹೆಗಲಿಗೆ ಸ್ವಲ್ಪ ಉಸಿರು ಸಿಕ್ಕಿತು. ರೈಲು ಕೊಪ್ಪಳಕ್ಕೆ ಬ್ರಿಟಿಷರ ಕಾಲದಲ್ಲೇ ಬಂದಿತ್ತು. ಗಂಗಾವತಿಗೆ ಬಂದದ್ದು 2019ರಲ್ಲಿ, ಕುಷ್ಟಗಿಗೆ 2025ರಲ್ಲಿ. ನಡುವಿನ ಅಷ್ಟೂ ಕಾಲ ಈ ಕಡೆಯ ಮಾಲು ಸಾಗಿದ್ದು ಗಾಲಿಯ ಮೇಲೆ, ಅದೂ ಬಹುಪಾಲು ಮಣ್ಣಿನ ದಾರಿಯಲ್ಲಿ.

ಇಲ್ಲಿ ಸ್ವಲ್ಪ ದೂರ ಹೋಗಿ ಬರೋಣ. 1940ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, ಬ್ರಿಟಿಷ್ ಸೇನೆಯ ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಅಧಿಕಾರಿ ಈಜಿಪ್ಟಿನಲ್ಲಿ ಒಂದು ಪಡೆ ಕಟ್ಟಿದ. ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಅಂತ ಹೆಸರು. ಮರಳುಗಾಡಿನಲ್ಲಿ ನೂರಾರು ಮೈಲಿ ಒಳಗೆ ಹೋಗಿ ಶತ್ರುವಿನ ಸುದ್ದಿ ತರುವುದು ಅದರ ಕೆಲಸ. ಮುಂದೆ ಭಾರತೀಯ ಸೈನಿಕರ ಒಂದು ತುಕಡಿಯೂ ಅದರೊಂದಿಗೆ ದುಡಿಯಿತು. ಇಂಥ ಕೆಲಸಕ್ಕೆ ಅವನು ಮೊದಲು ಆರಿಸಿದ್ದು ಹೆಚ್ಚುಕಡಿಮೆ ಒಂದೂವರೆ ಟನ್ನಿನ ಷೆವರ್ಲೆ ಲಾರಿ. ನಾಲ್ಕೂ ಗಾಲಿ ಎಳೆಯುವ ಗಾಡಿಯಲ್ಲ, ಹಿಂದಿನ ಗಾಲಿಯಷ್ಟೇ ಎಳೆಯುವಂಥದ್ದು. ಹಗುರ ಇರಬೇಕು, ಪೆಟ್ರೋಲ್ ಕಡಿಮೆ ಕುಡಿಯಬೇಕು ಎನ್ನುವುದು ಲೆಕ್ಕ. ಬಾಗಿಲು, ಗಾಜು, ಮಾಡು ಎಲ್ಲ ಕಿತ್ತು ಹಾಕಿದರು. ಪಾಟಾ ಗಟ್ಟಿ ಮಾಡಿಸಿದರು. ಅಗಲ ಟೈರ್ ಹಾಕಿ, ಮರಳು ಬಂದಾಗ ಗಾಳಿ ಇಳಿಸಿದರು. ಸಿಕ್ಕಿಕೊಂಡರೆ ಗಾಲಿಯ ಕೆಳಗೆ ಇಡಲು ಉಕ್ಕಿನ ಹಲಗೆ, ಚಾಪೆ ಒಯ್ಯುತ್ತಿದ್ದರು. ಇದನ್ನು ಓದುವ ನಮ್ಮ ಪಿಕಪ್ ಡ್ರೈವರಿಗೆ ಹೊಸದೇನೂ ಅನ್ನಿಸದು. ತೊಗರಿ ಕಟ್ಟಿಗೆ, ಜೋಳದ ಸೊಪ್ಪೆ, ಹಳೆ ಗೋಣಿಚೀಲ ಗಾಲಿಗೆ ಹಾಸುವುದು ಅದೇ ವಿದ್ಯೆ.

ಅದೇ ಯುದ್ಧದಲ್ಲಿ ಹೆಸರು ಮಾಡಿದ ವಿಲ್ಲಿಸ್ ಜೀಪನ್ನು 1940ರ ದಶಕದ ಕೊನೆಗೆ ಮಹೀಂದ್ರಾ ಕಂಪನಿ ಮುಂಬೈನಲ್ಲಿ ಜೋಡಿಸತೊಡಗಿತು. ಆದರೆ ನಮ್ಮ ಹಳ್ಳಿಗಳಿಗೆ ಜೀಪು ಎಂದರೆ ಬಹುಕಾಲ ಸರ್ಕಾರಿ ಸಾಹೇಬರ ಗಾಡಿ. ಮಾಲು ಹೊರುವ ಗಾಡಿಯಾಗಿ ಅದು ರೈತನ ಅಂಗಳಕ್ಕೆ ಬಂದದ್ದು ಕಡಿಮೆ.

ರೈತನ ಅಂಗಳಕ್ಕೆ ಬಂದದ್ದು ಟ್ರ್ಯಾಕ್ಟರ್. 1953ರಲ್ಲಿ ತುಂಗಭದ್ರಾ ಜಲಾಶಯ ತಯಾರಾಗಿ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಗಂಗಾವತಿ ಸೀಮೆಯೇ ಬದಲಾಯಿತು. ಆಂಧ್ರದಿಂದ ಬಂದ ರೈತರು ನೆಲೆಸಿದ ಊರುಗಳು ಇವತ್ತಿಗೂ ‘ಕ್ಯಾಂಪ್’ಗಳೇ. ಕೆಸರುಗದ್ದೆ ತುಳಿಯಲು ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಬಂತು. ಗದ್ದೆಯಲ್ಲಿ ಅದಕ್ಕೆ ಸಾಟಿಯಿಲ್ಲ. ಅದನ್ನೇ ಬಿಚ್ಚದೆ ಡಾಂಬರಿನ ಮೇಲೆ ಓಡಿಸಿದರೆ ಮಾತ್ರ ರಸ್ತೆ ಕಿತ್ತು ಬರುತ್ತದೆ. ಹೊಲಕ್ಕೆ ಒಂದು ಗಾಲಿ, ದಾರಿಗೆ ಒಂದು ಗಾಲಿ ಎನ್ನುವ ತೊಡಕು ಶುರುವಾದದ್ದು ಇಲ್ಲಿಂದ.

2000ದ ಡಿಸೆಂಬರಿನಲ್ಲಿ ಗ್ರಾಮ ಸಡಕ್ ಯೋಜನೆ ಆರಂಭವಾಯಿತು. ಊರಿನವರೆಗೆ ಡಾಂಬರು ಬಂದಲ್ಲೆಲ್ಲ ಸಣ್ಣ ಗಾಡಿಗೆ ದಾರಿಯಾಯಿತು. ಅದಕ್ಕೂ ಮೊದಲು ಮೆಟಡಾರ್, ಟೆಂಪೊ ಇದ್ದವು. 2005ರಲ್ಲಿ ಟಾಟಾ ಏಸ್ ಬಂತು, 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್. ಬೊಲೆರೊ ಪಿಕಪ್ಪಂತೂ ಈಗ ಎಲ್ಲ ಸಂತೆಯಲ್ಲೂ ಇದೆ. ಏಸ್‌ನ ಗಾಲಿ 12 ಇಂಚಿನದು. ಓಣಿಗೆ, ಸಂತೆಗೆ, ಡಾಂಬರಿಗೆ ಒಳ್ಳೆಯ ಗಾಡಿ. ಹಸಿ ಎರಿಗೆ ಇಳಿಸಿದರೆ ಹೊಟ್ಟೆ ತಾಗುತ್ತದೆ. ಬೊಲೆರೊ ಗಾಲಿ ದೊಡ್ಡದು, ನೆಲದಿಂದ ಎತ್ತರ. ಆದರೂ ಎಳೆಯುವುದು ಹಿಂದಿನ ಗಾಲಿ, ಖಾಲಿ ಇದ್ದಾಗ ಹಿಂದೆ ಭಾರವಿಲ್ಲದೆ ಅದೂ ನಿಂತಲ್ಲೇ ತಿರುಗುತ್ತದೆ. ಮಳೆಗಾಲದಲ್ಲೂ ಹೊಲದ ಬದುವಿನವರೆಗೆ ಹೋಗಲೇಬೇಕು ಎನ್ನುವವರು ದೊಡ್ಡ ಗಾಲಿ ನೋಡಿ ಕೊಳ್ಳಲಿ. ಮಾಲನ್ನು ಟ್ರ್ಯಾಕ್ಟರಿನಲ್ಲಿ ರಸ್ತೆಗೆ ತಂದು ಅಲ್ಲಿ ತುಂಬಿಸುವವರಿಗೆ ಸಣ್ಣ ಗಾಡಿ ಸಾಕು, ಕಂತೂ ಹಗುರ. ಇದು ನಮ್ಮ ಅಭಿಪ್ರಾಯ.

ಗಾಡಿ ಮನೆಗೆ ಬಂದ ಕೂಡಲೇ ಮೊದಲ ಪ್ರಯಾಣ ಗುಡಿಗೆ, ಎರಡನೆಯದು ಪಾಟಾ ಅಂಗಡಿಗೆ. ಎರಡು ಪಾಟಾ ಜಾಸ್ತಿ ಹಾಕಿಸಿ, ಹಿಂದಿನ ಟೈರು ಕಲ್ಲಿನಂತಾಗುವವರೆಗೆ ಗಾಳಿ ತುಂಬಿಸಿ, ಒಂದೂವರೆ ಟನ್ನಿನ ಗಾಡಿಗೆ ಮೂರು ಟನ್ ಉಳ್ಳಾಗಡ್ಡಿ ಹೇರುತ್ತಾರೆ. ಪಾಟಾ ಹೆಚ್ಚಾಯಿತೇ ಹೊರತು ಬ್ರೇಕು, ಅಚ್ಚು ಹಳೆಯವೇ. ಗಟ್ಟಿ ಗಾಳಿಯ ಟೈರು ನೆಲಕ್ಕೆ ತಾಗುವುದೂ ಕಡಿಮೆ, ಹೊಲದಲ್ಲಿ ಬೇಗ ಹೂಳುತ್ತದೆ. ಬ್ಯಾಗ್ನಾಲ್ಡ್ ಪಾಟಾ ಗಟ್ಟಿ ಮಾಡಿದಾಗ ಬೇರೆ ಭಾರವನ್ನು ಕಿತ್ತು ಹಾಕಿದ್ದ, ನಾವು ಅವನ ಅರ್ಧ ಪಾಠವನ್ನಷ್ಟೇ ಕಲಿತಿದ್ದೇವೆ. 2019ರ ತಿದ್ದುಪಡಿಯ ಪ್ರಕಾರ ಮಿತಿ ಮೀರಿದ ಭಾರಕ್ಕೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000.

ಇನ್ನೊಂದು ಭಾರ ಇದೆ, ಅದನ್ನು ಕಿಲೋದಲ್ಲಿ ತೂಗಲು ಬರುವುದಿಲ್ಲ. ಕಳೆ ತೆಗೆಯಲು, ನಾಟಿ ಹಚ್ಚಲು ಹೋಗುವ ಹೆಣ್ಣುಮಕ್ಕಳನ್ನು ನಸುಕಿನಲ್ಲೇ ಇದೇ ಪಿಕಪ್ಪಿನಲ್ಲಿ ನಿಲ್ಲಿಸಿಕೊಂಡು ಹೋಗುತ್ತೇವೆ. ಗಟ್ಟಿ ಪಾಟಾದ ಗಾಡಿ ಭಾರವಿಲ್ಲದಾಗ ಗುಂಡಿಯಲ್ಲಿ ಪುಟಿಯುತ್ತದೆ, ಹಿಡಿದುಕೊಳ್ಳಲು ಅಂಚು ಬಿಟ್ಟರೆ ಏನೂ ಇಲ್ಲ. ಮಾಲಿನ ಗಾಡಿಯ ವಿಮೆ ಮಾಲಿನ ಒಡೆಯನಿಗೆ ಅಥವಾ ಮಾಲಿನ ಜೊತೆ ಬರುವ ಅವನ ಪ್ರತಿನಿಧಿಗೆ ಅನ್ವಯಿಸುತ್ತದೆ. ಹಿಂದೆ ನಿಂತ ಕೂಲಿಯವರಿಗೆ ಪ್ರಯಾಣಿಕರೆಂದು ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಗಿಲ್ಲ. ಪರಿಹಾರದ ಹೊರೆ ಗಾಡಿಯ ಮಾಲೀಕನ ಹೊಲ, ಮನೆಯ ಮೇಲೆಯೇ ಬೀಳಬಹುದು. ಖರೀದಿಯ ದಿನ ಇದನ್ನು ಯಾರೂ ಹೇಳುವುದಿಲ್ಲ.

ಪಾಟಾಕ್ಕೆ ಹಾಕುವ ದುಡ್ಡಿನಲ್ಲಿ ಒಳ್ಳೆಯ ಹಿಂದಿನ ಟೈರು, ಗಾಳಿ ನೋಡುವ ಮೀಟರು, ಕೈಪಂಪು, ದಪ್ಪ ಹಗ್ಗ, ಎರಡು ಗೋಣಿಚೀಲ ಬರುತ್ತವೆ. ಹೂತರೆ ಮಾಲು ಇಳಿಸಿ, ಗಾಳಿ ಸ್ವಲ್ಪ ಬಿಟ್ಟು, ನಿಧಾನ ಎತ್ತಬೇಕು. ಡಾಂಬರಿಗೆ ಬಂದ ಕೂಡಲೇ ಮತ್ತೆ ಗಾಳಿ ತುಂಬಬೇಕು, ಇಲ್ಲದಿದ್ದರೆ ಟೈರು ಕಾದು ಒಡೆಯುತ್ತದೆ. ಜೊತೆಗೆ ಒಂದು ಅಗಲ ಹಲಗೆ ಇರಲಿ: ಹಸಿ ಎರಿಯಲ್ಲಿ ಜಾಕ್ ಇಟ್ಟರೆ ಗಾಡಿ ಮೇಲೇಳುವುದಿಲ್ಲ, ಜಾಕೇ ಕೆಳಗಿಳಿಯುತ್ತದೆ.