ಕಾವಲು ತಪ್ಪಿದ ಹುಲ್ಲು

ತುಮಕೂರಿನಿಂದ ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೋಗುವಾಗ ಬೀಳು ನೆಲಗಳಲ್ಲಿ ಲಂಟಾನ, ಕಾಂಗ್ರೆಸ್ ಗಿಡಗಳು ಕಣ್ಣಿಗೆ ಬೀಳುತ್ತವೆ. ಇದೇ ಜಿಲ್ಲೆಯ ಹಲವು ಊರುಗಳ ಹೆಸರಿನ ಕೊನೆಯಲ್ಲಿ ‘ಕಾವಲ್’ ಇದೆ. ಕಾವಲು ಎಂದರೆ ಕಾಯುವುದೂ ಹೌದು, ದನ ಮೇಯುವ ನೆಲವೂ ಹೌದು. ಹುಲ್ಲು ತಾನಾಗಿ ಬೆಳೆದರೂ ತಾನಾಗಿ ಉಳಿಯುವುದಿಲ್ಲ ಎಂಬ ತಿಳಿವಳಿಕೆ ಈ ಪದದಲ್ಲೇ ಇದೆ ಎಂದು ನನಗೆ ತೋರುತ್ತದೆ.

ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯನ್ನು ಟಿಪ್ಪು ‘ಅಮೃತ್ ಮಹಲ್’ ಎಂದು ಕರೆದ. ಅದರ ಕಾವಲುಗಳು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರು ಬಗೆ. ಮಂದೆ ಮುಂದಕ್ಕೆ ಹೋದರೆ ಹಿಂದಿನ ಕಾವಲಿನ ಹುಲ್ಲಿಗೆ ಚೇತರಿಸಿಕೊಳ್ಳಲು ಬಿಡುವು ಸಿಗುತ್ತಿತ್ತು. 1860ರಲ್ಲಿ ಬ್ರಿಟಿಷರು ಖರ್ಚು ಉಳಿಸಲು ಮಂದೆಯನ್ನು ವಿಲೇವಾರಿ ಮಾಡಿದರು. 1866ರಲ್ಲಿ ಮತ್ತೆ ಕಟ್ಟಿದರು. ಮಂದೆಯನ್ನು ಮರಳಿ ಕಟ್ಟಬಹುದಿತ್ತು. ಮುಂದೆ ಉಳುಮೆಗೆ, ನೆಡುತೋಪಿಗೆ ಹೋದ ಕಾವಲುಗಳು ಹಾಗೆ ಮರಳಲಿಲ್ಲ.

ಕಳೆಯ ಕಥೆ ಬೇರೆ. ಕಿರಮಂಜಿ ಬಣ್ಣದ ಆಸೆಗೆ 1795ರಲ್ಲಿ ಬ್ರೆಜಿಲ್‌ನಿಂದ ಕಲ್ಕತ್ತೆಗೆ ತಂದ ಹುಳು ಒಳ್ಳೆಯ ಬಣ್ಣ ಕೊಡಲಿಲ್ಲ. ಒಂದು ಜಾತಿಯ ಪಾಪಾಸುಕಳ್ಳಿಯನ್ನು ಮಾತ್ರ ತಿಂದುಹಾಕಿತು. ಇನ್ನೊಂದು ಜಾತಿಯ ಕಳ್ಳಿ ದಕ್ಷಿಣದ ಬೀಳುಗಳನ್ನು ಮುತ್ತಿದಾಗ, 1926ರಲ್ಲಿ ಅದಕ್ಕೆ ತಕ್ಕ ಹುಳುವನ್ನು ಸಿಂಹಳದಿಂದ ತರಿಸಿದರು. ಕಳ್ಳಿ ಸೋತಿತು. 1984ರಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್ ಗಿಡದ ಮೇಲೆ ಮೆಕ್ಸಿಕೋದ ಜೀರುಂಡೆಯನ್ನು ಬಿಟ್ಟರು. ಅದು ಎಲೆ ತಿನ್ನುತ್ತದೆ. ಮಣ್ಣಿನಲ್ಲಿ ಕಾದಿರುವ ಬೀಜವನ್ನು ಮುಟ್ಟುವುದಿಲ್ಲ.

ಹುಳು ಕಳೆಯನ್ನು ಕೊಂದೀತು, ಹುಲ್ಲನ್ನು ತಂದುಕೊಡದು. ಬರಿದಾದ ನೆಲಕ್ಕೆ ಮೊದಲು ಬಂದ ಗಿಡವೇ ಒಡೆಯ. ಲಂಟಾನವನ್ನು ಮಚ್ಚಿನಿಂದ ಸವರಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಹಣ್ಣಾದರೆ ಹಕ್ಕಿಗಳು ಬೀಜ ಹರಡುತ್ತವೆ. ಆದ್ದರಿಂದ ಹಣ್ಣಾಗುವ ಮೊದಲೇ ಗುದ್ದಲಿ ಹಾಕಿ ಬುಡಸಮೇತ ಕೀಳಬೇಕು. ಆಮೇಲೆ ಕರಡದ ಹುಲ್ಲು ಬೀಜ ಉದುರಿಸುವವರೆಗೆ ಅಲ್ಲಿ ದನಕುರಿ ಬಿಡಬಾರದು. ಮರುವರ್ಷ ಹುಟ್ಟಿದ ಸಸಿಗಳನ್ನೂ ಕಿತ್ತು ಹಾಕಬೇಕು.

ಆ ಮಳೆಗಾಲ ನಾಲ್ಕು ಕುರಿಯ ಬಡವ ಎಲ್ಲಿಗೆ ಹೋಗಬೇಕು? ಅರಮನೆ ತನ್ನ ಮಂದೆಗಾಗಿ ಹುಲ್ಲು ಕಾಯಿತು. ಅವನ ಕುರಿಗಾಗಿ ಅಲ್ಲ. ಈ ಪ್ರಶ್ನೆಗೆ ಉತ್ತರ ಕೊಡದೆ ಬೇಲಿ ಹಾಕಿದರೆ ಅದು ಒಂದು ರಾತ್ರಿಯೂ ನಿಲ್ಲದು. ನೆಲವನ್ನು ಮೂರು ಪಾಲು ಮಾಡಿ, ಒಂದನ್ನು ಮುಚ್ಚಿದಾಗ ಎರಡನ್ನು ತೆರೆದಿಡಬಹುದು. ಹಳೆಯ ಕಾವಲುಗಳಿಂದ ನಾವು ಕಲಿಯಬಹುದಾದದ್ದು ಈ ಸರದಿಯನ್ನು. ಆದರೆ ಯಾವ ಪಾಲು ಯಾವಾಗ ಎಂಬುದನ್ನು ಈ ಸಲ ಊರೇ ಕೂತು ತೀರ್ಮಾನಿಸಬೇಕು.