ಕೊಳಗದ ಗೋಧಿ, ತೂಕದ ರೊಟ್ಟಿ

ಅಳತೆ ಬೇರೆ, ತೂಕ ಬೇರೆ ಎಂಬುದನ್ನು ನಮ್ಮ ಮನೆಯ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಒಂದೇ ಪಾವು ಉಪ್ಪನ್ನು ತುಂಬಿದಾಗ ಕೈಗೆ ಭಾರ, ಅವಲಕ್ಕಿಯನ್ನು ತುಂಬಿದಾಗ ಹಗುರ. ಈ ಭೇದವನ್ನು ರಾಜಶಾಸನವೊಂದು ಲೆಕ್ಕಕ್ಕೆ ತರಹೊರಟರೆ ಎಂತಹ ತೊಡಕುಗಳು ಹುಟ್ಟುವುವೆಂಬುದನ್ನು ಇಂಗ್ಲೆಂಡಿನ ರೊಟ್ಟಿಯ ಚರಿತ್ರೆಯಲ್ಲಿ ನಾವು ಕಾಣಬಹುದು.

ಮೂರನೆಯ ಹೆನ್ರಿಯ ಆಳ್ವಿಕೆಯಲ್ಲಿ, 1266ರ ಸುಮಾರಿಗೆ, ಅಲ್ಲಿ ರೊಟ್ಟಿಯ ಕಟ್ಟಳೆಯೊಂದು ಜಾರಿಗೆ ಬಂದಿತು. ರೊಟ್ಟಿಯೆಂದರೆ ಇಲ್ಲಿ ಹಿಟ್ಟನ್ನು ಹುದುಗೆಬ್ಬಿಸಿ ಗೂಡಿನಲ್ಲಿ ಸುಟ್ಟ ಬ್ರೆಡ್ಡು. ಗೋಧಿ ಮಾರಾಟವಾಗುತ್ತಿದ್ದುದು ಬುಷೆಲ್ ಎಂಬ ಕೊಳಗದಿಂದ. ಎಂಟು ಬುಷೆಲ್ಲಿಗೆ ಒಂದು ಕ್ವಾರ್ಟರ್. ಬಡವನಾದರೋ ಫಾರ್ದಿಂಗ್ ಎಂಬ ಕಾಲು ಪೆನ್ನಿಯನ್ನು ಕೊಟ್ಟು ರೊಟ್ಟಿಯನ್ನು ಕೊಳ್ಳುವನು. ಕಟ್ಟಳೆಯು ರೊಟ್ಟಿಯ ಬೆಲೆಯನ್ನು ಕದಲಿಸಲಿಲ್ಲ. ತೂಕವನ್ನೇ ಹಿಗ್ಗಿಸಿ ಕುಗ್ಗಿಸಿತು. ಗೋಧಿ ಕ್ವಾರ್ಟರಿಗೆ 12 ಪೆನ್ನಿಯಿದ್ದಾಗ ಫಾರ್ದಿಂಗಿನ ಬಿಳಿಯ ರೊಟ್ಟಿ 6 ಪೌಂಡು 16 ಷಿಲಿಂಗು ತೂಗಬೇಕು. 24 ಪೆನ್ನಿಗೆ ಏರಿದರೆ 3 ಪೌಂಡು 8 ಷಿಲಿಂಗು. ಷಿಲಿಂಗಿನಿಂದ ತೂಗುವುದೆಂತು ಎಂದು ಶ್ರೋತೃಗಳು ಬೆರಗಾಗಬೇಕಿಲ್ಲ. ನಮ್ಮ ಮೈಸೂರು ಸೀಮೆಯಲ್ಲಿಯೂ ಕಚ್ಚಾ ಸೇರೆಂದರೆ 24 ರೂಪಾಯಿ ತೂಕವೇ ಆಗಿದ್ದಿತಷ್ಟೆ.

ಕಾಗದದ ಮೇಲೆ ಇದು ನಿರ್ದುಷ್ಟವಾದ ಗಣಿತ. ಆದರೆ ಕೊಳಗಕ್ಕೆ ಕಾಳಿನ ಗುಣ ತಿಳಿಯದು. ಒಳ್ಳೆಯ ಗೋಧಿ ಬುಷೆಲ್ಲಿಗೆ ಸುಮಾರು 60 ಪೌಂಡು ತೂಗುವುದು. ಜೊಳ್ಳು ಬೆರೆತದ್ದು ಅಷ್ಟು ತೂಗದು, ಹಿಟ್ಟೂ ಕಡಮೆ. ಕೊಳಗವನ್ನು ಮಟ್ಟಕ್ಕೆ ಸವರಿದರೆ ಒಂದು ಲೆಕ್ಕ, ಗೋಪುರವಾಗಿ ಏರಿಸಿದರೆ ಇನ್ನೊಂದು. ತೂಕ ತಪ್ಪಿದರೆ ಮಾತ್ರ ದಂಡ ರೊಟ್ಟಿಗಾರನಿಗೆ! ಲಂಡನ್ನಿನಲ್ಲಿ ಅಂಥವನನ್ನು ಬಿದಿರುತಟ್ಟಿಯಂತಹ ಹಂದರದ ಮೇಲೆ ಮಲಗಿಸಿ, ಆ ಕಿರುರೊಟ್ಟಿಯನ್ನು ಕೊರಳಿಗೆ ಕಟ್ಟಿ, ಬೀದಿಗಳಲ್ಲಿ ಎಳೆಯುತ್ತಿದ್ದರು. ಡಜನಿಗೆ ಹದಿಮೂರು ಕೊಡುವ ವಾಡಿಕೆ ಈ ಭಯದಿಂದಲೇ ಹುಟ್ಟಿತೆಂದು ಹೇಳುವುದುಂಟು. ಬಡವನ ಹೊಟ್ಟೆಯನ್ನು ಕಾಯುವುದು ನ್ಯಾಯವೇ ಸರಿ. ಆದರೆ ಕಾಳಿನ ದೋಷವನ್ನು ಒಬ್ಬನ ಬೆನ್ನಿಗೇ ಹೊರಿಸಿದ್ದು ನಮಗೆ ಒಪ್ಪಿಗೆಯಾಗದು. ದಕ್ಷಿಣ ದೇಶದ ಹಿರಿಯರು ಈ ವಿಷಯದಲ್ಲಿ ಜಾಣರು: ನವಧಾನ್ಯಗಳನ್ನು ಬೆರೆಸಿ, ಗೊತ್ತಾದ ತೂಕದ ಮಿಶ್ರಣ ಹಿಡಿಸುವ ಪಾತ್ರೆಯನ್ನೇ ಅಳತೆಯೆಂದು ಗೊತ್ತುಮಾಡುವ ಪದ್ಧತಿ ಇಲ್ಲಿದ್ದಿತು.

ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಜನ ಇನ್ನೊಂದು ದಾರಿ ಹಿಡಿದರು. ಪೆಕ್ ಎಂಬುದು ಬುಷೆಲ್ಲಿನ ಕಾಲುಭಾಗ. ಒಂದು ಪೆಕ್ ಹಿಟ್ಟು 14 ಪೌಂಡೆಂದೂ, ನೀರು ಸೇರಿ ಬೆಂದ ಮೇಲೆ ಅದರ ರೊಟ್ಟಿ 17 ಪೌಂಡು 6 ಔನ್ಸೆಂದೂ ಎಣಿಕೆಯಾಯಿತು. ಅದರ ನಾಲ್ಕನೆಯ ಒಂದಂಶ, 4 ಪೌಂಡು 5½ ಔನ್ಸಿನದು, ಕ್ವಾರ್ಟರ್ನ್ ರೊಟ್ಟಿ. ಹೆಸರು ಕೊಳಗದ್ದು, ಮಾರಾಟ ತಕ್ಕಡಿಯದು. ಹಳೆಯ ಕಟ್ಟಳೆ ಲಂಡನ್ನಿನಲ್ಲಿ 1815ರಲ್ಲಿಯೂ ಉಳಿದೆಡೆ 1836ರಲ್ಲಿಯೂ ರದ್ದಾಯಿತು.

ಅಮೆರಿಕೆಯ ಅಡಿಗೆಮನೆ ಮಾತ್ರ ತಕ್ಕಡಿಯನ್ನು ಬಿಟ್ಟು ಬಟ್ಟಲನ್ನೇ ನೆಚ್ಚಿತು. ಬಾಸ್ಟನ್ನಿನ ಪಾಕಶಾಲೆಯ ಫ್ಯಾನಿ ಫಾರ್ಮರ್ ಎಂಬಾಕೆ 1896ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಚಾಕುವಿನಿಂದ ಅಂಚಿಗೆ ಸಮನಾಗಿ ಸವರಿದ ಬಟ್ಟಲೇ ಅಳತೆಯೆಂದು ವಿಧಿಸಿದಳು. ಗೋಪುರದ ಜಗಳ ತೀರಿತು. ಅದುಮುವುದರ ಜಗಳ ಉಳಿಯಿತು. ಒಂದು ಬಟ್ಟಲು ಸಕ್ಕರೆ ಸುಮಾರು 200 ಗ್ರಾಂ. ಮೈದಾಹಿಟ್ಟಾದರೋ ಹಗುರಾಗಿ ಸುರಿದರೆ ಸುಮಾರು 120, ಅದುಮಿದರೆ 150 ಕೂಡ ಆದೀತು.