ಪಣಕ್ಕೊಂದು ಬೇಲಿ: ಪೋಕರ್ ಆಟಕ್ಕೆ ಮಿತಿ ಬಂದ ಕಥೆ

ಕೆಲವು ವರ್ಷ ನಮ್ಮ ಫೋನುಗಳಲ್ಲಿ ರಮ್ಮಿ, ಪೋಕರ್ ಜಾಹೀರಾತು ಕಾಣದ ದಿನವೇ ಇರಲಿಲ್ಲ. ಕ್ರಿಕೆಟ್ ನೋಡಲು ಕೂತರೂ ಅದೇ, ಹಾಡು ಕೇಳಲು ಕೂತರೂ ಅದೇ. ಜಾಹೀರಾತಿನ ಕೊನೆಯಲ್ಲಿ ಒಂದೇ ಉಸಿರಿಗೆ ಓಡುವ ಒಂದು ಮಾತು ಇರುತ್ತಿತ್ತು: ಇದು ಚಟವಾಗಬಹುದು, ಜವಾಬ್ದಾರಿಯಿಂದ ಆಡಿ ಅಂತ.

ಜವಾಬ್ದಾರಿಯಿಂದ ಆಡುವುದು ಅಂದರೆ ಮಿತಿಯಲ್ಲಿ ಆಡುವುದು ಅಂತಲೇ ನಾವೆಲ್ಲ ಅರ್ಥ ಮಾಡಿಕೊಂಡೆವು. ಆದರೆ ಆ ಮಿತಿ ಎಷ್ಟು? ಅದನ್ನು ಹಾಕುವವರು ಯಾರು? ಮಿತಿ ಇದ್ದರೆ ಮನೆ ಉಳಿಯುತ್ತದಾ? ಈ ಪ್ರಶ್ನೆಗಳಿಗೆ ಪೋಕರ್ ಆಟದ ಇನ್ನೂರು ವರ್ಷದ ಚರಿತ್ರೆಯಲ್ಲಿ ಉತ್ತರ ಇದೆ. ಆ ಕಥೆ ನಡೆದದ್ದು ಹೆಚ್ಚಾಗಿ ಅಮೆರಿಕದಲ್ಲಿ. ಅಲ್ಲಿಂದಲೇ ಶುರು ಮಾಡುತ್ತೇವೆ.

ಮಿತಿಯೇ ಇಲ್ಲದ ಆಟ

ಜೂಜಿಗೆ ಮಿತಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ನಮ್ಮ ಊರುಗಳಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಗದುಗಿನ ಭಾರತದ ವಾಚನ ಕೇಳಿದವರಿಗೆ, ಬಯಲಾಟ ನೋಡಿದವರಿಗೆ ಧರ್ಮರಾಯನ ಪಾಡು ಗೊತ್ತು. ಸಂಪತ್ತು ಹೋಯಿತು, ರಾಜ್ಯ ಹೋಯಿತು, ತಮ್ಮಂದಿರು ಹೋದರು, ತಾನೂ ಹೋದ, ಕೊನೆಗೆ ದ್ರೌಪದಿಯನ್ನೂ ಇಟ್ಟ. ಎದುರಿಗಿದ್ದ ಹಣ ಮುಗಿದ ಮೇಲೂ ಎದುರಿಗೆ ಇಲ್ಲದ್ದನ್ನು ಪಣಕ್ಕಿಡಲು ಅಲ್ಲಿ ಅಡ್ಡಿಯೇ ಇರಲಿಲ್ಲ.

ಪೋಕರ್ ಹುಟ್ಟಿದ ಕಾಲದಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಅಮೆರಿಕದ ಮಿಸಿಸಿಪ್ಪಿ ನದಿಯಲ್ಲಿ ಆಗ ಉಗಿ ದೋಣಿಗಳು ಓಡಾಡುತ್ತಿದ್ದವು. ಜೋ ಕೋವೆಲ್ ಎಂಬ ಇಂಗ್ಲೆಂಡಿನ ನಟ 1829ರಲ್ಲಿ ಅಂಥ ದೋಣಿಯೊಂದರಲ್ಲಿ ನ್ಯೂ ಆರ್ಲಿಯನ್ಸ್ ಕಡೆಗೆ ಹೋಗುವಾಗ ಈ ಆಟ ನೋಡಿದ್ದನ್ನು ಮುಂದೆ ತನ್ನ ನೆನಪಿನ ಪುಸ್ತಕದಲ್ಲಿ ಬರೆದ. ಪೋಕರ್ ಬಗ್ಗೆ ಸಿಗುವ ಅತಿ ಹಳೆಯ ದಾಖಲೆಗಳಲ್ಲಿ ಅದೂ ಒಂದು. ಆಗಿನ ಆಟಕ್ಕೆ ಬರೀ 20 ಎಲೆ ಸಾಕಿತ್ತು. ನಾಲ್ವರು ಕೂತರೆ ತಲಾ ಐದು ಎಲೆ, ಅಲ್ಲಿಗೆ ಕಟ್ಟು ಖಾಲಿ. 52 ಎಲೆಯ ಆಟ ಆಮೇಲೆ ಬಂತು.

ಆಟದ ಹುರುಳು ಮಾತ್ರ ಅಂದಿನಿಂದ ಬದಲಾಗಿಲ್ಲ. ಒಬ್ಬ ನಡುವಿನ ರಾಶಿಗೆ ಹಣ ಹಾಕುತ್ತಾನೆ. ಉಳಿದವರು ಅಷ್ಟೇ ಹಾಕಿ ಸರಿಗಟ್ಟಬೇಕು, ಇಲ್ಲವೇ ಇನ್ನೂ ಏರಿಸಬೇಕು, ಇಲ್ಲವೇ ಎಲೆ ಕೆಳಗಿಟ್ಟು ಸುಮ್ಮನಾಗಬೇಕು. ಎಲ್ಲರೂ ಎಲೆ ಕೆಳಗಿಟ್ಟರೆ ಉಳಿದ ಒಬ್ಬನಿಗೆ ರಾಶಿ, ಅವನ ಕೈಯಲ್ಲಿ ಏನಿತ್ತು ಅಂತ ಯಾರೂ ಕೇಳುವಂತಿಲ್ಲ.

ತೊಂದರೆ ಇಲ್ಲೇ ಇದೆ. ಏರಿಸಲು ಮಿತಿಯೇ ಇಲ್ಲ ಅಂದರೆ ಒಳ್ಳೆಯ ಎಲೆ ಇದ್ದವನು ಗೆಲ್ಲಬೇಕಾಗಿಲ್ಲ, ಜೇಬು ದಪ್ಪ ಇದ್ದವನು ಗೆಲ್ಲುತ್ತಾನೆ. ಎದುರಾಳಿಯ ಕೈಯಲ್ಲಿ ನೂರು ಇದ್ದಾಗ ಇವನು ಸಾವಿರ ಹಾಕಿಬಿಟ್ಟರೆ ಆಯಿತು.

ಮೊದಲ ಬೇಲಿ: ಮೇಜಿನ ಮೇಲಿದ್ದಷ್ಟೇ

ಇದಕ್ಕೆ ಆಟಗಾರರೇ ಕಂಡುಕೊಂಡ ಮದ್ದು ಈಗಲೂ ಪೋಕರಿನ ಬುನಾದಿ. ಆಟ ಶುರುವಾದಾಗ ಮೇಜಿನ ಮೇಲೆ ಎಷ್ಟು ಹಣ ಇದೆಯೋ ಅಷ್ಟೇ ಪಣಕ್ಕೆ. ನಡುವೆ ಜೇಬಿಗೆ ಕೈ ಹಾಕುವಂತಿಲ್ಲ, ಸಾಲ ತರುವಂತಿಲ್ಲ, ಹೊಲದ ಪತ್ರ, ಹೆಂಡತಿಯ ಬಳೆ ಇಡುವಂತಿಲ್ಲ. ಹಾಗೆಯೇ ಗೆದ್ದದ್ದರಲ್ಲಿ ಅರ್ಧ ಎತ್ತಿ ಜೇಬಿಗೆ ಹಾಕಿಕೊಂಡು ಆಟ ಮುಂದುವರಿಸುವಂತೆಯೂ ಇಲ್ಲ.

ಹಣ ಸಾಲದವನ ಗತಿ ಏನು? ಒಂದು ಲೆಕ್ಕ ನೋಡಿ. ಮೂವರು ಕೂತಿದ್ದಾರೆ. ಮೊದಲನೆಯವನ ಹತ್ತಿರ 100 ರೂಪಾಯಿ, ಉಳಿದಿಬ್ಬರ ಹತ್ತಿರ ತಲಾ 300. ಮೂವರೂ ಇದ್ದದ್ದನ್ನೆಲ್ಲ ಹಾಕಿದರು ಅಂತಿಟ್ಟುಕೊಳ್ಳಿ. ಆಗ ಮೂವರಿಂದಲೂ ತಲಾ ನೂರು ತೆಗೆದು 300ರ ಒಂದು ರಾಶಿ ಮಾಡುತ್ತಾರೆ. ಮೊದಲನೆಯವನು ಗೆದ್ದರೆ ಅವನಿಗೆ ಅಷ್ಟೇ. ಮಿಕ್ಕ 400 ಬೇರೆ ರಾಶಿ, ಅದು ಉಳಿದಿಬ್ಬರ ನಡುವಿನ ಲೆಕ್ಕ. ಹೀಗೆ ಬಡವನನ್ನು ಹಣದ ಬಲದಿಂದಲೇ ಆಟದಿಂದ ದೂಡುವುದು ನಿಂತಿತು. ಧರ್ಮರಾಯನ ಸಭೆಯಲ್ಲಿ ಇದೊಂದು ನಿಯಮ ಇದ್ದಿದ್ದರೆ ಆಟ ರಾಜ್ಯದವರೆಗೂ ಹೋಗುತ್ತಿರಲಿಲ್ಲ.

ಆಮೇಲೆ ಬಂದ ಮೂರು ಬಗೆ

ಮೇಜಿನ ಮೇಲಿದ್ದಷ್ಟೇ ಅನ್ನುವ ನಿಯಮದ ಒಳಗೆ, ಒಂದು ಸಲಕ್ಕೆ ಎಷ್ಟು ಹಾಕಬಹುದು ಅನ್ನುವುದಕ್ಕೆ ಮೂರು ಪದ್ಧತಿ ಬೆಳೆದವು.

ಒಂದು, ಕಟ್ಟು ಮಿತಿ. ಇಲ್ಲಿ ಪಣದ ಮೊತ್ತವೇ ನಿಗದಿ. ಈಗ ಹೆಚ್ಚು ಆಡುವ ಹೋಲ್ಡೆಮ್ ಪೋಕರಿನಲ್ಲಿ ನಾಲ್ಕು ಸುತ್ತು. 10-20ರ ಮೇಜಾದರೆ ಮೊದಲ ಎರಡು ಸುತ್ತಿನಲ್ಲಿ ಹತ್ತತ್ತು, ಆಮೇಲಿನ ಎರಡರಲ್ಲಿ ಇಪ್ಪತ್ತಿಪ್ಪತ್ತು. ಒಂದು ಸುತ್ತಿಗೆ ಸಾಮಾನ್ಯವಾಗಿ ಒಂದು ಪಣ, ಮೂರು ಏರಿಕೆ, ಅಷ್ಟೇ. ಹಾಗಾಗಿ ಒಬ್ಬ ಎಷ್ಟೇ ಹುಚ್ಚು ಹಿಡಿಸಿಕೊಂಡರೂ ಒಂದು ಆಟದಲ್ಲಿ 40, 40, 80, 80 ಸೇರಿ 240 ರೂಪಾಯಿಗಿಂತ ಹೆಚ್ಚು ಕಳೆದುಕೊಳ್ಳಲಾರ.

ಎರಡು, ರಾಶಿಯಷ್ಟು ಮಿತಿ. ನಡುವೆ ಎಷ್ಟು ಬಿದ್ದಿದೆಯೋ ಅಷ್ಟರವರೆಗೆ ಏರಿಸಬಹುದು. ರಾಶಿಯಲ್ಲಿ 100 ಇದೆ, ಎದುರಾಳಿ 50 ಹಾಕಿದ. ನೀವು ಮೊದಲು ಅವನ 50 ಸರಿಗಟ್ಟಿದರೆ ರಾಶಿ 200 ಆಗುತ್ತದೆ. ಅದರ ಮೇಲೆ 200 ಏರಿಸಬಹುದು. ಕೇಳಲು ಹದವಾದ ಮಿತಿ ಅನ್ನಿಸುತ್ತದೆ. ಆದರೆ ಇಬ್ಬರೇ ಆಡುವಾಗ ಪ್ರತಿ ಸುತ್ತಿನಲ್ಲೂ ರಾಶಿಯಷ್ಟೇ ಹಾಕಿ ಸರಿಗಟ್ಟುತ್ತಾ ಹೋದರೆ 10 ಇದ್ದದ್ದು 30, 90, 270, 810 ಆಗುತ್ತದೆ. ಚಕ್ರಬಡ್ಡಿ ಕಟ್ಟಿ ಸೋತವರಿಗೆ ಈ ಲೆಕ್ಕದ ಗುಣ ಗೊತ್ತು.

ಮೂರು, ಮಿತಿ ಇಲ್ಲದ್ದು. ಯಾವ ಸುತ್ತಿನಲ್ಲಾದರೂ ತನ್ನ ಮುಂದಿರುವ ಹಣವನ್ನೆಲ್ಲ ಒಂದೇ ಸಲಕ್ಕೆ ತಳ್ಳಬಹುದು. ಹೆಸರಿಗೆ ಮಿತಿ ಇಲ್ಲ ಅಂದರೂ ಮೇಜಿನ ಮೇಲಿದ್ದಷ್ಟೇ ಅನ್ನುವ ಮೊದಲ ಬೇಲಿ ಇಲ್ಲೂ ಇರುತ್ತದೆ.

ನಮ್ಮಲ್ಲಿ ತೀನ್ ಪತ್ತಿ ಬಲ್ಲವರಿಗೆ ಇದು ಹೊಸದಲ್ಲ. ಎಲೆ ನೋಡದೆ ಬ್ಲೈಂಡ್ ಆಡುವವನು ನಡೆಯುತ್ತಿರುವ ಪಣದಷ್ಟು ಅಥವಾ ಅದರ ಎರಡರಷ್ಟು ಹಾಕಬಹುದು. ಎಲೆ ನೋಡಿದವನು ಎರಡರಿಂದ ನಾಲ್ಕರಷ್ಟು. ಅದೂ ಒಂದು ಬಗೆಯ ಮಿತಿಯೇ, ಆದರೆ ಸುತ್ತಿನಿಂದ ಸುತ್ತಿಗೆ ತಾನೇ ಬೆಳೆಯುವ ಮಿತಿ.

ಕಾನೂನು ಹಾಕಿದ ಬೇಲಿ ಸರಿಯುತ್ತಾ ಹೋಯಿತು

ಅಮೆರಿಕದ ರಾಜ್ಯಗಳು ಜೂಜನ್ನು ಒಮ್ಮೆ ನಿಷೇಧಿಸಿದವು, ಒಮ್ಮೆ ಬಿಟ್ಟವು. ನೆವಾಡ ರಾಜ್ಯ 1910ರಲ್ಲಿ ಮುಚ್ಚಿಸಿ, ಆರ್ಥಿಕ ಕುಸಿತದ ಕಾಲದಲ್ಲಿ, 1931ರಲ್ಲಿ, ಮತ್ತೆ ತೆರೆಯಿತು. ಕೆಲವು ರಾಜ್ಯಗಳು ನಡುವಿನ ದಾರಿ ಹಿಡಿದವು: ಜೂಜು ಇರಲಿ, ಆದರೆ ಸಣ್ಣದಾಗಿರಲಿ.

ಡೆಡ್‌ವುಡ್ ಎಂಬ ಪುಟ್ಟ ಊರಿನ ಕಥೆ ಕೇಳಿ. ಚಿನ್ನದ ಆಸೆಗೆ ಹುಟ್ಟಿದ ಊರದು. 1876ರ ಆಗಸ್ಟ್ 2ರಂದು ವೈಲ್ಡ್ ಬಿಲ್ ಹಿಕಾಕ್ ಎಂಬ ಹೆಸರಾಂತ ಬಂದೂಕುಗಾರ ಪೋಕರ್ ಆಡುತ್ತಾ ಕೂತಿದ್ದಾಗ ಹಿಂದಿನಿಂದ ಗುಂಡು ತಿಂದು ಸತ್ತದ್ದು ಅಲ್ಲೇ. ನೂರು ವರ್ಷ ಕಳೆದ ಮೇಲೆ ಊರಿನ ಹಳೆಯ ಕಟ್ಟಡಗಳು ಬೀಳುತ್ತಿದ್ದವು, ರಿಪೇರಿಗೆ ಹಣ ಇರಲಿಲ್ಲ. 1989ರ ನವೆಂಬರ್‌ನಲ್ಲಿ ಅಲ್ಲಿ ಜೂಜಿಗೆ ಅನುಮತಿ ಸಿಕ್ಕಿತು. ಒಂದು ಪಣಕ್ಕೆ ಹೆಚ್ಚೆಂದರೆ 5 ಡಾಲರ್. 2000ದಲ್ಲಿ ಅದು 100 ಡಾಲರ್ ಆಯಿತು. 2012ರಲ್ಲಿ 1000.

ಕೊಲರಾಡೊ ರಾಜ್ಯದ ಮೂರು ಹಳೆಯ ಗಣಿ ಊರುಗಳಲ್ಲಿ 1991ರಲ್ಲಿ ಇದೇ 5 ಡಾಲರಿನಿಂದ ಶುರು. 2009ರಲ್ಲಿ 100. 2020ರಲ್ಲಿ ಜನ ಮತ ಹಾಕಿ, ಮಿತಿ ಎಷ್ಟು ಅನ್ನುವುದನ್ನು ಆ ಊರುಗಳೇ ತೀರ್ಮಾನಿಸಲಿ ಅಂದರು. ಮುಂದಿನ ವರ್ಷವೇ ಆ ಬೇಲಿ ಹೋಯಿತು. ಫ್ಲಾರಿಡಾದಲ್ಲಿ 1997ರಲ್ಲಿ ಪೋಕರ್ ಕೋಣೆಗಳು ತೆರೆದಾಗ ಇಡೀ ರಾಶಿಯೇ 10 ಡಾಲರ್ ದಾಟುವಂತಿರಲಿಲ್ಲ. ಹಂತಹಂತವಾಗಿ ಸಡಿಲಿಸಿ 2010ರಲ್ಲಿ ಮಿತಿಯನ್ನೇ ತೆಗೆದರು.

ಮೂರೂ ಕಡೆ ನಡೆದದ್ದು ಒಂದೇ. ಮಿತಿ ಸಣ್ಣದು ಅಂತ ಹೇಳಿ ಜನರನ್ನು ಒಪ್ಪಿಸಿದರು. ಆ ಆದಾಯಕ್ಕೆ ಊರು, ಸರ್ಕಾರ ಒಗ್ಗಿಕೊಂಡವು. ಪಕ್ಕದ ರಾಜ್ಯದಲ್ಲಿ ದೊಡ್ಡ ಆಟ ಇದೆ, ನಮ್ಮ ಗಿರಾಕಿಗಳು ಅಲ್ಲಿಗೆ ಹೋಗುತ್ತಾರೆ ಅನ್ನುವ ವಾದ ಬಂತು. ಬೇಲಿ ಒಂದೊಂದೇ ಮಾರು ಆಚೆ ಸರಿಯಿತು.

ಮಿತಿಯಿಂದ ಲಾಭ ಯಾರಿಗೆ?

ಇಲ್ಲಿ ಒಂದು ವಿಚಿತ್ರ ಗಮನಿಸಬೇಕು. ಲಾಸ್ ವೇಗಸ್‌ನ ಕ್ಯಾಸಿನೊಗಳು ಬಹಳ ಕಾಲ ಕಟ್ಟು ಮಿತಿಯ ಪೋಕರನ್ನೇ ಇಷ್ಟಪಟ್ಟವು. ಕಾರಣ ಕರುಣೆಯಲ್ಲ. ಪೋಕರಿನಲ್ಲಿ ಮನೆಯವನು ಆಡುವುದಿಲ್ಲ, ಪ್ರತಿ ರಾಶಿಯಿಂದ ಒಂದು ಪಾಲು ತೆಗೆಯುತ್ತಾನೆ. ಹೊಸಬನ ಹಣ ಒಂದೇ ಏಟಿಗೆ ಮುಗಿದರೆ ಅವನು ಎದ್ದು ಹೋಗುತ್ತಾನೆ. ನಿಧಾನಕ್ಕೆ ಸೋತರೆ ರಾತ್ರಿಯಿಡೀ ಕೂರುತ್ತಾನೆ, ರಾತ್ರಿಯಿಡೀ ಪಾಲು ಬರುತ್ತದೆ.

ಲೆಕ್ಕ ಹಾಕೋಣ. ಆರು ಜನ ತಲಾ 1000 ತಂದು ಕೂತರು, ಒಟ್ಟು 6000. ಪ್ರತಿ ಆಟದ ರಾಶಿ 200 ರೂಪಾಯಿ, ಮನೆಯ ಪಾಲು ನೂರಕ್ಕೆ ಐದರಂತೆ 10 ರೂಪಾಯಿ ಅಂತಿಟ್ಟುಕೊಳ್ಳಿ. ಮೇಜಿನ ಸುತ್ತ ಕೂತು ಎಲೆ ಹಂಚಿ ಆಡಿದರೆ ಗಂಟೆಗೆ ಸುಮಾರು 30 ಆಟ. ಮನೆಗೆ ಗಂಟೆಗೆ 300 ಸಂದಾಯ. ಯಾರೂ ಹೊಸ ಹಣ ತರದಿದ್ದರೆ 20 ಗಂಟೆಯಲ್ಲಿ ಆರೂ ಜನರ ಹಣ ಪೂರ್ತಿ ಮನೆಗೆ. ಫೋನಿನಲ್ಲಿ ಎಲೆ ಕಲೆಸುವ ಕೆಲಸ ಇಲ್ಲ, ಗಂಟೆಗೆ 60 ಆಟ ಆರಾಮಾಗಿ ಆಗುತ್ತದೆ. ಆಗ ಹತ್ತೇ ಗಂಟೆ ಸಾಕು. ಪಣದ ಮಿತಿ ಒಂದು ರೂಪಾಯಿಯೂ ಏರಿಲ್ಲ, ಆದರೆ ಹಣ ಖಾಲಿಯಾಗುವ ವೇಗ ಎರಡರಷ್ಟಾಯಿತು.

ಅಂದರೆ ಒಂದು ಪಣಕ್ಕೆ ಹಾಕುವ ಮಿತಿ ಒಂದು ದಿನದ ನಷ್ಟಕ್ಕೆ ಮಿತಿಯಲ್ಲ.

ಇದನ್ನು ಅರಿತು ಮಾಡಿದ ನಿಯಮವೂ ಇದೆ. ಇಂಗ್ಲೆಂಡಿನಲ್ಲಿ 2005ರ ಜೂಜು ಕಾಯ್ದೆಯ ಅಡಿ ಪಬ್ಬುಗಳಲ್ಲಿ ಪೋಕರ್ ಆಡಬಹುದು. ಒಬ್ಬರಿಗೆ ಒಂದು ಆಟಕ್ಕೆ 5 ಪೌಂಡ್ ಮಾತ್ರ. ಜೊತೆಗೆ ಇಡೀ ಪಬ್ಬಿನಲ್ಲಿ ಒಂದು ದಿನದ ಪಣ ಎಲ್ಲ ಸೇರಿ 100 ಪೌಂಡ್ ದಾಟುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪಬ್ಬಿನವನು ರಾಶಿಯಿಂದ ಒಂದು ಪೆನ್ನಿಯನ್ನೂ ತೆಗೆಯುವಂತಿಲ್ಲ. ಆಟ ಜೋರಾದರೆ ಅವನಿಗೆ ಆ ರಾಶಿಯಿಂದ ಲಾಭ ಇಲ್ಲ, ಆದ್ದರಿಂದ ಬೇಲಿ ಸರಿಸುವ ಆತುರವೂ ಕಡಿಮೆ. ಮಿತಿ ಹಾಕುವವನೇ ಪಾಲು ತೆಗೆಯುವವನಾದರೆ ಬೇಲಿಯೇ ಎದ್ದು ಹೊಲ ಮೇಯುತ್ತದೆ.

ಟಿವಿಗೆ ಬಂದ ಆಟ, ಫೋನಿಗೆ ಬಂದ ಆಟ

ಲಾಸ್ ವೇಗಸ್‌ನ ಬೆನ್ನಿ ಬಿನಿಯನ್ 1970ರಲ್ಲಿ ತನ್ನ ಕ್ಯಾಸಿನೊದಲ್ಲಿ ವಿಶ್ವ ಪೋಕರ್ ಸರಣಿ ಶುರು ಮಾಡಿದ. ಅದರ ಮುಖ್ಯ ಪಂದ್ಯ ಮಿತಿ ಇಲ್ಲದ ಹೋಲ್ಡೆಮ್ ಆಗಿ ನೆಲೆನಿಂತಿತು. ಪಂದ್ಯದಲ್ಲಿ ಪ್ರವೇಶ ಶುಲ್ಕವೇ ಮಿತಿ, ಅದು ಹೋದರೆ ಆಟ ಮುಗಿಯಿತು. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗ ಇಂಟರ್ನೆಟ್ಟಿನ ಸಣ್ಣ ಪಂದ್ಯದಿಂದ ಅಲ್ಲಿಗೆ ಜಾಗ ಗಿಟ್ಟಿಸಿ 25 ಲಕ್ಷ ಡಾಲರ್ ಗೆದ್ದ. ಆ ವರ್ಷ ಆಡಿದವರು 839 ಜನ. 2006ರಲ್ಲಿ 8,773. ಟಿವಿ ನೋಡಿ ಬಂದವರಿಗೆ ಕಟ್ಟು ಮಿತಿಯ ಆಟ ಸಪ್ಪೆ ಅನ್ನಿಸಿತು. ಗೆದ್ದ ಒಬ್ಬನ ಮುಖ ಎಲ್ಲ ಕಡೆ ಕಂಡಿತು, ಸೋತ ಉಳಿದವರದ್ದು ಕಾಣಲಿಲ್ಲ.

ನಮ್ಮ ರಾಜ್ಯಕ್ಕೆ ಬಂದರೆ, ವಾದ ಬೇರೆ ದಾರಿ ಹಿಡಿಯಿತು. ಪೋಕರ್ ಕೌಶಲದ ಆಟವಾದರೆ ಅದಕ್ಕೆ ಪರವಾನಗಿ ಬೇಕಿಲ್ಲ ಅಂತ ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಹಣದಾಟ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಹೊಸ ಕಾಯ್ದೆ ಬಂತು: ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಕೌಶಲದ್ದಾದರೂ, ಅದೃಷ್ಟದ್ದಾದರೂ ನಡೆಸುವಂತಿಲ್ಲ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ಕಾಯ್ದೆಯನ್ನು ಪ್ರಶ್ನಿಸಿ ಕಂಪನಿಗಳು ಕೋರ್ಟಿಗೆ ಹೋಗಿವೆ.

ಕೌಶಲವೋ ಅದೃಷ್ಟವೋ ಅನ್ನುವ ಈ ಜಗಳದಲ್ಲಿ ಒಂದು ಸಾದಾ ಮಾತು ಬದಿಗೆ ಸರಿಯಿತು. ಆರೂ ಜನ ಸಮಾನ ಕೌಶಲದವರಾದರೂ ಮೇಲಿನ ಲೆಕ್ಕದಂತೆ ಆರೂ ಜನ ಸೋಲುತ್ತಾರೆ.

ನಾಳೆ ಯಾವ ಹೆಸರಿನಲ್ಲಿ, ಯಾವ ಆಪ್‌ನಲ್ಲಿ ಈ ಆಟ ಮತ್ತೆ ಬಂದು, ನಮ್ಮಲ್ಲಿ ಮಿತಿ ಇದೆ ಅಂದರೂ ಮೂರು ಪ್ರಶ್ನೆ ಕೇಳಿ. ಮಿತಿ ಒಂದು ಪಣಕ್ಕೋ, ಇಡೀ ದಿನಕ್ಕೋ? ನಡುವೆ ಮತ್ತೆ ಯುಪಿಐನಿಂದ ಹಣ ತುಂಬಿಸಲು ಬಿಡುತ್ತಾರೋ ಇಲ್ಲವೋ? ಪ್ರತಿ ಆಟದಿಂದ ಅವರಿಗೆ ಎಷ್ಟು ಹೋಗುತ್ತದೆ? ಎರಡನೆಯ ಪ್ರಶ್ನೆಗೆ ಬಿಡುತ್ತೇವೆ ಅನ್ನುವ ಉತ್ತರ ಬಂದರೆ, ಹಿಂದಿನ ಆಟಗಾರರೇ ಹಾಕಿಕೊಂಡ ಮೊದಲ ಬೇಲಿಯೂ ಅಲ್ಲಿ ಇಲ್ಲ ಅಂತಲೇ ಅರ್ಥ.

ಮನೆಯಲ್ಲಿ ಯಾರಾದರೂ ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಬೈದು ಮೂಲೆಗೆ ಕೂರಿಸುವ ಮೊದಲು ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.